ಹಿತ್ತಲ ಬಲ್ಬು ಕೆಂಪಾದ ಹೊತ್ತು

ತೆಲಿಗಿಯ ನಮ್ಮ ಓಣಿಯಲ್ಲಿ ಹೆಚ್ಚುಕಡಿಮೆ ಎಲ್ಲರ ಹಿತ್ತಲಲ್ಲೂ ಒಂದು ಕಬ್ಬಿಣದ ಸಲಾಕೆ ನೆಲಕ್ಕೆ ಬಡಿದಿರುತ್ತಿತ್ತು. ಬಚ್ಚಲ ನೀರು ಹರಿದುಹೋಗುವ ಕಡೆ, ಸದಾ ಒದ್ದೆ ಇರುವ ಜಾಗ ನೋಡಿ ಬಡಿಯುತ್ತಿದ್ದರು. ಕಂಬದಿಂದ ಮನೆಗೆ ಬರುವ ಎರಡು ತಂತಿಗಳಲ್ಲಿ ಒಂದು ಆಗಾಗ ಕೈಕೊಡುತ್ತಿತ್ತು. ಆಗ ಸಲಾಕೆಗೆ ಒಂದು ವೈರ್ ಸುತ್ತಿ, ನೆಲವನ್ನೇ ಎರಡನೇ ತಂತಿ ಮಾಡಿಕೊಂಡು ಬಲ್ಬು ಹತ್ತಿಸುತ್ತಿದ್ದರು. ಅದಕ್ಕೆ ಅರ್ತಿಂಗ್ ಕೊಡುವುದು ಎನ್ನುತ್ತಿದ್ದರು. ನೆಲ ಒಣಗಿ ಬಲ್ಬು ಮಂಕಾದರೆ ಸಲಾಕೆಯ ಬುಡಕ್ಕೆ ಒಂದು ಕೊಡ ನೀರು ಸುರಿಯಬೇಕು. ನೀರು ಇಂಗುತ್ತಿದ್ದಂತೆ ಬಲ್ಬು ಬೆಳ್ಳಗಾಗುತ್ತಿತ್ತು.

"ಕರೆಂಟಿಗೂ ನೀರಡಿಕಿ ಆಗತೈತಿ ನೋಡು" ಎಂದು ಅತ್ತೆ ನಗುತ್ತಿದ್ದಳು.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರ ಒಂದನ್ನೇ ತೆಗೆದುಕೊಂಡು ನಮ್ಮ ಮನೆಗೆ ಬಂದಿದ್ದಳು. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವಳು. ಪಡಸಾಲೆಯ ಕಿಟಕಿಯ ಹತ್ತಿರ ಯಂತ್ರ ಇಟ್ಟುಕೊಂಡು ಓಣಿಯ ಹೆಂಗಸರ ಕುಪ್ಪಸ, ಮಕ್ಕಳ ಶಾಲೆಯ ಬಟ್ಟೆ ಹೊಲಿಯುತ್ತಿದ್ದಳು. ಕತ್ತರಿ ಅವಳ ಕೈಯಲ್ಲಿ ಓಡುವುದನ್ನು ನೋಡುವುದೇ ಚಂದವಿತ್ತು. ಗುರುತು ಹಾಕಿಕೊಳ್ಳದೆ ಕತ್ತರಿಸುತ್ತಿದ್ದಳು. ಆ ಬಲಗೈಯ ಬಗ್ಗೆಯೇ ನಾನು ಬರೆಯಬೇಕಾಗಿರುವುದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹರಪನಹಳ್ಳಿಗೆ ಬಸ್ಸಿನಲ್ಲಿ ಹೋಗಿಬಂದು ಬಿ.ಎಸ್ಸಿ. ಓದುತ್ತಿದ್ದೆ. ಪ್ರಾಣಿಶಾಸ್ತ್ರದವರು ಕೀಟಗಳನ್ನು ಹಿಡಿದು, ಗುಂಡುಸೂಜಿ ಚುಚ್ಚಿ, ಹೆಸರು ಬರೆದು, ಪೆಟ್ಟಿಗೆಯಲ್ಲಿ ಜೋಡಿಸಿ ಪ್ರಾಯೋಗಿಕ ಪರೀಕ್ಷೆಗೆ ಕೊಡಬೇಕಿತ್ತು. ಹಗಲು ಹಿಡಿದರೆ ಎಲ್ಲರ ಪೆಟ್ಟಿಗೆಯಲ್ಲೂ ಅವೇ ಮಿಡತೆ, ಅವೇ ಬಿಳಿ ಚಿಟ್ಟೆ. "ಕತ್ತಲಲ್ಲಿ ಬಿಳಿ ಬಟ್ಟೆ ಕಟ್ಟಿ ಅದರ ಮುಂದೆ ದೀಪ ಇಡಿ, ನಿಮ್ಮ ಹಿತ್ತಲಲ್ಲಿ ಏನೇನಿದೆ ಎಂದು ಗೊತ್ತಾಗುತ್ತದೆ" ಎಂದು ಮೇಷ್ಟ್ರು ಹೇಳಿದ್ದರು.

ಅಜ್ಜನ ಎರಡು ಹಳೆಯ ಧೋತರಗಳನ್ನು ಅತ್ತೆಯೇ ಕೂಡಿಸಿ ಹೊಲಿದುಕೊಟ್ಟಳು. ಕೊಟ್ಟಿಗೆಯ ಗೋಡೆಯಿಂದ ಬೇವಿನ ಮರಕ್ಕೆ ಹಗ್ಗ ಎಳೆದು ಅದನ್ನು ಇಳಿಬಿಟ್ಟೆವು. ಮೊದಲ ಸಂಜೆ ಬಚ್ಚಲ ಹತ್ತಿರದ ಬಲ್ಬಿನಲ್ಲೇ ನೋಡಿದೆವು. ಸಗಣಿ ಹುಳಗಳು ಬಂದು ಬಟ್ಟೆಗೆ ಹೊಡೆದುಕೊಂಡು ಬೆನ್ನ ಮೇಲೆ ಬಿದ್ದು ಒದ್ದಾಡಿದವು. ರೆಕ್ಕೆ ಬಂದ ಗೆದ್ದಲು ಒಮ್ಮೆಗೇ ಮುಗಿಬಿತ್ತು. ಹಾಲುಬಿಳುಪಿನ ಒಂದು ಪತಂಗ ಕೂತಿತು. ಅಪ್ಪ ಉಂಡ ಕೈ ತೊಳೆಯಲು ಬಂದವನು ಅದನ್ನು ನೋಡಿ ನಿಂತ.

"ಏನದು, ಇಷ್ಟು ಮುದ್ದಾಗೈತಿ?"

"ನಿಮ್ಮ ಶೇಂಗಾ ಬೋಳಿಸ್ತಾವಲ್ಲ, ಕೆಂಪು ಕಂಬಳಿಹುಳ, ಅದರ ತಾಯಿ ಅಪ್ಪಾ."

ಅಪ್ಪ ಬಟ್ಟೆಯ ಹತ್ತಿರಕ್ಕೆ ಬಗ್ಗಿ, "ಇಷ್ಟು ದಿನ ದೀಪಕ್ಕ ಬಂದಾಗೆಲ್ಲ ಪಾಪ ಅಂತ ಬಿಟ್ಟೀನಲ್ಲವ್ವಾ ಇದನ್ನ" ಎಂದ. ಅತ್ತೆ ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. "ಅಣ್ಣಾ, ನೀ ಬಿಟ್ಟಿ, ಅದು ನಿನ್ನ ಬಿಡಲಿಲ್ಲ ನೋಡು."

ಆ ಬೇಸಿಗೆಯಲ್ಲಿ ನಮ್ಮ ಮನೆಯವರೆಲ್ಲ ಒಟ್ಟಿಗೆ ನಕ್ಕ ನೆನಪು ಅದೊಂದೇ ಉಳಿದಿದೆ.

ಅತ್ತೆಗೆ ಹುಳಗಳ ಹುಚ್ಚು ನನಗಿಂತ ಬೇಗ ಹಿಡಿಯಿತು. ಪೂಜೆಗೆ ಹೂ ಕೊಯ್ಯುವಾಗ ಹಿತ್ತಲ ಮೂಲೆಯ ಕಣಗಿಲ ಗಿಡದಲ್ಲಿ ಬೆರಳು ಗಾತ್ರದ ಹಸಿರು ಹುಳ ಸಿಕ್ಕಿತ್ತು. ಎದೆಯ ಮೇಲೆ ಎರಡು ನೀಲಿ ಕಣ್ಣಿನ ಗುರುತು. ಅದನ್ನು ಗುಂಡಿ, ದಾರ ಹಾಕಿಡುವ ಡಬ್ಬಿಯಲ್ಲಿ ಇಟ್ಟು ದಿನಾ ಎಲೆ ಹಾಕಿದಳು. ಒಂದು ದಿನ ಡಬ್ಬಿಯ ಮುಚ್ಚಳ ಓರೆಯಾಗಿ ಹುಳ ಎಲ್ಲೋ ಹೋಯಿತು. "ಅದು ಮಣ್ಣಿನ್ಯಾಗ ಮಲಗಿ, ರೆಕ್ಕಿ ಬಂದ ಮ್ಯಾಲೆ ಇದ ಗಿಡಕ್ಕ ಬರತೈತಿ. ಬಂದಾಗ ನನಗ ತೋರಸು" ಎಂದು ಮೂರು ವಾರ ಹೇಳುತ್ತಲೇ ಇದ್ದಳು. ಆ ಪತಂಗ ದೊಡ್ಡದು, ರೆಕ್ಕೆಯೂ ಹಸಿರು ಎಂದು ಪುಸ್ತಕದಲ್ಲಿ ಓದಿದ್ದೆ. ನನ್ನ ಪೆಟ್ಟಿಗೆಯ ನಡುವೆ ಅದಕ್ಕೆಂದೇ ಜಾಗ ಬಿಟ್ಟಿದ್ದೆ.

ಅದಕ್ಕಾಗಿ ಬಟ್ಟೆಯನ್ನು ಕಣಗಿಲದ ಹತ್ತಿರ ಕಟ್ಟಬೇಕಾಯಿತು. ಬಚ್ಚಲ ಸಲಾಕೆ ಅಲ್ಲಿಂದ ದೂರ. ಮನೆಯಲ್ಲಿ ಉದ್ದನೆಯ ವೈರ್ ಇದ್ದುದು ಒಂದೇ ಎಳೆ. ಅಡುಗೆಮನೆಯ ಪ್ಲಗ್ಗಿನ ತೂತಿಗೆ ಅದರ ತುದಿ ತುರುಕಿ, ಅಲುಗಾಡದಂತೆ ಬೆಂಕಿಕಡ್ಡಿ ಸಿಕ್ಕಿಸಿದೆ. ಇನ್ನೊಂದು ತುದಿ ಬಲ್ಬಿನ ಹೋಲ್ಡರಿಗೆ. ಹೋಲ್ಡರಿನಿಂದ ಒಂದು ಗಿಡ್ಡ ವೈರ್ ನೆಲಕ್ಕೆ. ಎತ್ತು ಕಟ್ಟುವ ಕಬ್ಬಿಣದ ಗೂಟವನ್ನು ಕಣಗಿಲದ ಪಕ್ಕ ನಾನೇ ಬಡಿದೆ, ವೈರನ್ನು ನಾನೇ ಸುತ್ತಿದೆ. ಪಿಯುಸಿಯಲ್ಲಿ ಭೌತಶಾಸ್ತ್ರಕ್ಕೆ ಒಳ್ಳೆಯ ಅಂಕ ತೆಗೆದವಳು ನಾನು. ಬಲ್ಬು ಹತ್ತಿತು. ಅಷ್ಟಾದರೆ ಎಲ್ಲ ಸರಿ ಇದೆ ಎಂದು ಓಣಿಯವರಂತೆ ನಾನೂ ನಂಬಿದ್ದೆ.

ಇನ್ನೊಂದು ಕೆಲಸವನ್ನೂ ನಾನೇ ಮಾಡಿದ್ದು. ಬೇರೆ ಬೆಳಕಿದ್ದರೆ ಹುಳ ಅತ್ತ ಹೋಗುತ್ತವೆ ಎಂದು ಮನೆಯ ದೀಪಗಳನ್ನೆಲ್ಲ ಆರಿಸಿಬಿಟ್ಟೆ. ಅವ್ವ ಒಲೆಯ ಬೆಳಕಿನಲ್ಲಿ ರೊಟ್ಟಿ ಬಡಿಯುತ್ತ ಗೊಣಗಿದಳು. "ನಿನ್ನ ಹುಳಕ್ಕ ಬೆಳಕು, ನಮಗ ಕತ್ತಲ. ಭಾಳ ಚಲೋ ಓದಾಕತ್ತಿ ಬಿಡು." ಅಪ್ಪ ನಡುಮನೆಯಲ್ಲಿ ಕತ್ತಲಲ್ಲೇ ಅಡ್ಡಾಗಿದ್ದ.

ಎಂಟು ಗಂಟೆ ಆಗಿರಬೇಕು. ಮುಂಗಾರಿನ ಒಂದು ಮಳೆ ಬಿದ್ದು ಎರಡು ವಾರವಾಗಿತ್ತು. ಆ ಮೂಲೆಯ ನೆಲ ಒಣಗಿ ಬಲ್ಬು ಮಂಕಾಗಿತ್ತು. ಸಣ್ಣಪುಟ್ಟ ಹುಳ ಬಂದವು, ದೊಡ್ಡದು ಬರಲಿಲ್ಲ.

"ಅತ್ತಿ, ಗೂಟಕ್ಕ ಒಂದು ಕೊಡ ನೀರು ಹಾಕ್ತಿಯೇನು?" ಎಂದೆ. ನಾನೇ ಹಾಕಬಹುದಿತ್ತು. ಕೈಯಲ್ಲಿ ಹುಳ ಸಾಯಿಸಲು ಸ್ಪಿರಿಟ್ಟಿನ ಹತ್ತಿ ಹಾಕಿದ ಬಾಟಲಿ ಇತ್ತು. ಅದನ್ನು ಕೆಳಗಿಡಲು ಎಷ್ಟು ಹೊತ್ತು ಬೇಕು?

ಅತ್ತೆ ಬರಿಗಾಲಲ್ಲಿ ಸ್ಟೀಲಿನ ಕೊಡ ಹೊತ್ತು ತಂದಳು. "ಕುಡಿಯಪಾ, ಹೊಟ್ಟಿತುಂಬ ಕುಡಿ" ಎನ್ನುತ್ತ ಸುರಿದಳು. ಬಲ್ಬು ಬೆಳಗಿತು. ಧೋತರ ಬೆಳ್ಳಗಾಯಿತು. ಮರುಕ್ಷಣ ಪೂರ್ತಿ ಕತ್ತಲು.

ನೀರಿನ ರಭಸಕ್ಕೆ ವೈರು ಗೂಟದಿಂದ ಬಿಚ್ಚಿಕೊಂಡಿತ್ತು. ಅದು ನನಗೆ ಆಮೇಲೆ ಗೊತ್ತಾಯಿತು. ಆಗ ನಾನು ಅಂದದ್ದು ಇಷ್ಟು: "ಥೂ, ಕರೆಂಟ್ ಹೋತು."

ದಿನಕ್ಕೆ ನಾಲ್ಕು ಸಲ ಕರೆಂಟು ಹೋಗುವ ಊರಿನಲ್ಲಿ ಬೇರೆ ಯಾವ ಯೋಚನೆ ಬರುತ್ತದೆ? ಮನೆಯೊಳಗೆ ಒಂದು ದೀಪ ಉರಿಯುತ್ತಿದ್ದರೂ ಕರೆಂಟು ಹೋಗಿಲ್ಲ ಎಂದು ತಿಳಿಯುತ್ತಿತ್ತು. ಅದನ್ನೂ ಆರಿಸಿಟ್ಟಿದ್ದೆ. ಬೀದಿಯ ಕಂಬದಲ್ಲಿ ಬಲ್ಬು ಇಲ್ಲದೆ ತಿಂಗಳಾಗಿತ್ತು. ಅಕ್ಕಪಕ್ಕದ ಮನೆಗಳ ಬೆಳಕು ನಮ್ಮ ಹಿತ್ತಲಿಗೆ ಕಾಣುತ್ತಿರಲಿಲ್ಲ.

ಅತ್ತೆ ಕತ್ತಲಲ್ಲೇ ಬಗ್ಗಿ ತಡಕಾಡಿದಳು. "ವೈರೂ ಬಿಚ್ಚೈತಿ ಲೇ ಇಲ್ಲೆ. ಕರೆಂಟ್ ಹೋಗೈತಲ್ಲ, ಬರೋದ್ರಾಗ ಸುತ್ತಿಬಿಡ್ತೀನಿ."

ನಾನು "ಹೂಂ" ಎಂದೆ.

ಆಮೇಲೆ ಬಲ್ಬು ಕೆಂಪಗೆ ಹತ್ತಿತು. ಒಳಗಿನ ತಂತಿ ಮಾತ್ರ ಕಾಣುವಷ್ಟು, ಆರಿಹೋಗುವ ಕೆಂಡದಂತೆ. ನಮ್ಮಲ್ಲಿ ಕರೆಂಟು ಮರಳಿ ಬರುವಾಗ ಹಾಗೆಯೇ ಮಂಕಾಗಿ ಬರುತ್ತಿತ್ತು. ಬಂತಲ್ಲ ಎಂದು ಬಟ್ಟೆಯತ್ತ ನೋಡಿದೆ. ನಡುಮಧ್ಯೆ ಅದು ಕೂತಿತ್ತು. ಅಂಗೈಯಗಲ. ಬಾಣದ ಮೊನೆಯಂತೆ ಹಿಂದಕ್ಕೆ ಮಡಿಚಿದ ರೆಕ್ಕೆ. ಹಸಿರಿರಬೇಕಾಗಿತ್ತು, ಕಪ್ಪಾಗಿ ಕಂಡಿತು. ಯಾಕೆ ಕಪ್ಪು ಎಂದು ಒಂದು ಗಳಿಗೆ ಯೋಚಿಸಿದ್ದೂ ನೆನಪಿದೆ. ಬಾಟಲಿಯ ಮುಚ್ಚಳ ತೆಗೆದು ಒಂದು ಹೆಜ್ಜೆ ಮುಂದಿಟ್ಟೆ.

ಆ ಬೆಳಕು ಅತ್ತೆಯ ಮೈಯೊಳಗಿಂದ ಹಾದು ಬರುತ್ತಿತ್ತು. ಪ್ಲಗ್ಗಿನಿಂದ ಬಲ್ಬಿಗೆ, ಬಲ್ಬಿನಿಂದ ಅವಳ ಬಲಗೈಗೆ, ಅಲ್ಲಿಂದ ಒದ್ದೆ ನೆಲದ ಮೇಲಿನ ಬರಿಗಾಲಿಗೆ. ಗೂಟದ ಬದಲು ಅವಳಿದ್ದಳು.

ಕೊಡ ಉರುಳಿದ ಸದ್ದಿಗೆ ತಿರುಗಿದೆ. ಅತ್ತೆ ಕುಕ್ಕರುಗಾಲಲ್ಲಿ ಕೂತಿದ್ದಳು. ಮುಷ್ಟಿ ಬಿಗಿದಿತ್ತು, ಹಲ್ಲು ಕಚ್ಚಿದ್ದಳು. ಮೈಯೆಲ್ಲ ಒಂದೇ ಸಮನೆ ಸಣ್ಣಗೆ ನಡುಗುತ್ತಿತ್ತು. ಬಾಯಿಂದ ಉಸಿರಿನಷ್ಟೂ ಸದ್ದಿಲ್ಲ. ನಾನು ಅವಳ ಭುಜ ಹಿಡಿಯಲು ಕೈ ಚಾಚಿದೆ.

"ಮುಟ್ಟಬ್ಯಾಡ! ಮುಟ್ಟಬ್ಯಾಡಲೇ ಅಕಿನ್ನ!" ಅವ್ವ ಹಿತ್ತಲ ಬಾಗಿಲಲ್ಲಿ ನಿಂತು ಚೀರಿದಳು. ಕೊಡ ಬಿದ್ದದ್ದಕ್ಕೆ ಬಯ್ಯಲೆಂದು ಬಂದಿದ್ದಳಂತೆ. "ಏನ್ರೀ, ವೈರ್ ಕೀಳ್ರಿ! ಪ್ಲಗ್ಗಿಂದು ಕೀಳ್ರಿ!"

ಅಪ್ಪ ಕತ್ತಲಲ್ಲಿ ಏನನ್ನೋ ಎಡವಿಕೊಂಡು ಓಡಿದ ಸದ್ದು. ಬಲ್ಬು ಆರಿತು. ಅದು ಆರಿದಾಗಲೇ ಅತ್ತೆ ಪಕ್ಕಕ್ಕೆ ಬಿದ್ದಳು.

ಕೆಂಪಗೆ ಹತ್ತಿದ್ದರಿಂದ ಆರುವವರೆಗೆ ಎಷ್ಟು ಹೊತ್ತು? ಇಷ್ಟು ವರ್ಷ ಎಣಿಸುತ್ತ ಬಂದಿದ್ದೇನೆ. ಒಮ್ಮೆ ಐದು ಎಣಿಸಿದರೆ ಮುಗಿಯುತ್ತದೆ, ಒಮ್ಮೆ ಹತ್ತಾದರೂ ಮುಗಿಯುವುದಿಲ್ಲ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹೊತ್ತು ನಾನು ಪತಂಗ ನೋಡುತ್ತಿದ್ದೆ. ಆ ಲೆಕ್ಕ ಮಾತ್ರ ಯಾವ ಸಲವೂ ತಪ್ಪುವುದಿಲ್ಲ.

ಪಕ್ಕದ ಮನೆಯವರ ಟ್ರ್ಯಾಕ್ಸ್ ಜೀಪಿನಲ್ಲಿ ಅತ್ತೆಯನ್ನು ಹರಪನಹಳ್ಳಿಯ ಆಸ್ಪತ್ರೆಗೆ ಒಯ್ದೆವು. ದಾರಿಯಲ್ಲಿ ಅವ್ವ ಅವಳ ಎದೆಯ ಮೇಲಿಂದ ಕೈ ತೆಗೆಯಲಿಲ್ಲ. "ಬಡೀತೈತಿ, ಬಡೀತೈತಿ" ಎಂದು ನಮಗೆ ಹೇಳುತ್ತಲೇ ಇದ್ದಳು. ಅತ್ತೆ ಉಳಿದಳು. ಅಂಗೈಯಲ್ಲಿ ವೈರು ಕೂತ ಜಾಗ ಮೂಳೆಯ ತನಕ ಸುಟ್ಟಿತ್ತು. ಉಂಗುರದ ಬೆರಳು ಮತ್ತು ಕಿರುಬೆರಳು ಒಳಕ್ಕೆ ಮಡಿಚಿಕೊಂಡವು, ಮತ್ತೆ ನೆಟ್ಟಗಾಗಲಿಲ್ಲ. ನಡುಬೆರಳೂ ಅರ್ಧಕ್ಕೆ ನಿಂತಿತು.

ಮರುದಿನ ಮಧ್ಯಾಹ್ನ ಅವಳಿಗೆ ಬಟ್ಟೆ ತರಲು ಊರಿಗೆ ಬಂದೆ. ಹಿತ್ತಲಿಗೆ ಹೋಗಬಾರದು ಅಂದುಕೊಂಡೇ ಹೋದೆ. ಧೋತರ ಹಾಗೇ ಇಳಿಬಿದ್ದಿತ್ತು. ಅದರ ನೆರಳಿನ ಮಡಿಕೆಯಲ್ಲಿ ಪತಂಗ ಇನ್ನೂ ಕೂತಿತ್ತು. ಹಗಲಲ್ಲಿ ಹಸಿರು. ಎಳೆಯ ಹುಲ್ಲಿನ ಹಸಿರಿನ ಮೇಲೆ ಗುಲಾಬಿ ಮತ್ತು ಬಿಳಿ ಅಲೆಗಳು. ನಾನು ಅದನ್ನು ಬಾಟಲಿಗೆ ಹಾಕಿ ಮುಚ್ಚಳ ಬಿಗಿದೆ. ಪರೀಕ್ಷೆಯಲ್ಲಿ ಮೇಷ್ಟ್ರು ಅದನ್ನೇ ಎತ್ತಿ ಎಲ್ಲರಿಗೂ ತೋರಿಸಿದರು. ಪೆಟ್ಟಿಗೆ ಕಾಲೇಜಿನಲ್ಲೇ ಉಳಿಯಿತು. ಹಿಂದಕ್ಕೆ ಕೇಳಲು ನಾನು ಹೋಗಲಿಲ್ಲ.

ಆ ಜೂನಿನ ಶಾಲೆಯ ಬಟ್ಟೆಗಳು ಕತ್ತರಿಸದೆ ಉಳಿದವು. ಕೊಟ್ಟವರು ಒಬ್ಬೊಬ್ಬರೇ ಬಂದು, ಅವಳ ಕೈ ನೋಡಿ, ಮಾತಾಡಿಸಿ, ಹೋಗುವಾಗ ಸಂಕೋಚದಿಂದ ಬಟ್ಟೆ ವಾಪಸು ಕೇಳಿದರು. ಅತ್ತೆ ಎಡಗೈಯಲ್ಲಿ ಕತ್ತರಿ ಹಿಡಿಯಲು ಕಲಿತಳು. ಕತ್ತರಿಸಿದ್ದು ಓರೆಯಾಗುತ್ತಿತ್ತು. ಕುಪ್ಪಸ ಬಿಟ್ಟಳು. ದಿಂಬಿನ ಚೀಲ, ಸೀರೆಯ ಅಂಚು, ಲಂಗ ಇಂಥ ನೇರ ಹೊಲಿಗೆಗಳು ಮಾತ್ರ ಉಳಿದವು. ನನ್ನನ್ನು ಒಮ್ಮೆಯೂ ಬಯ್ಯಲಿಲ್ಲ. ಹುಳದ ಮಾತನ್ನೂ ಎತ್ತಲಿಲ್ಲ.

ಅಪ್ಪ ಹಿತ್ತಲ ಸಲಾಕೆಯನ್ನೂ ಗೂಟವನ್ನೂ ಕಿತ್ತೆಸೆದ. ಓಣಿಯ ಉಳಿದ ಹಿತ್ತಲುಗಳಲ್ಲಿ ಅವು ಇನ್ನೂ ಬಹಳ ವರ್ಷ ಇದ್ದವು. ಸಂಜೆ ಯಾರಾದರೂ ನೀರು ಸುರಿದ ಸದ್ದು ಕೇಳಿದರೆ ನಾನು ಒಳಗೆ ಹೋಗಿಬಿಡುತ್ತಿದ್ದೆ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸತೊಡಗಿ ಕೆಲವು ವರ್ಷಗಳಾದ ಮೇಲಿನ ಮಾತು. ರಜೆಗೆ ಊರಿಗೆ ಹೋಗಿದ್ದೆ. ಒಂದು ರಾತ್ರಿ ಅತ್ತೆ ಯಂತ್ರದ ಮುಂದೆ ಕೂತು ದಿಂಬಿನ ಚೀಲ ಹೊಲಿಯುತ್ತಿದ್ದಳು. ಕರೆಂಟು ಹೋಯಿತು. ಇಬ್ಬರೂ ಹಾಗೇ ಕೂತೆವು.

"ಅವತ್ತಿಂದು ಆ ಹುಳ" ಎಂದಳು ಅತ್ತೆ, ಕತ್ತಲಲ್ಲಿ. "ನಾನು ಡಬ್ಬ್ಯಾಗ ಸಾಕಿದ್ದೆನಲ್ಲ, ಅದನೇನು?"

"ಅದ ಇರಬೇಕು ಅತ್ತಿ. ಅದ ಜಾತಿ."

"ಹಸರು ಇತ್ತೇನು?"

"ಹೂಂ. ಹಸರು ಇತ್ತು."

"ನನಗ ಅದು ಕಾಣಲಿಲ್ಲ. ನೀ ಕಾಣ್ತಿದ್ದಿ. ಕೂಗಬೇಕು ಅಂತೀನಿ, ಬಾಯಿ ಬರವಲ್ದು. ಬಲ್ಬು ಕೆಂಪಗ ಇತ್ತಲ್ಲ, ನಿನ್ನ ಮಾರಿ ಚಂದಾಗಿ ಕಾಣ್ತಿತ್ತು." ಆಮೇಲೆ ಹೇಳಿದಳು: "ನಗಾಕತ್ತಿದ್ದಿ."

ತಪ್ಪಾಯಿತು ಎನ್ನುವ ಮಾತು ಅಷ್ಟು ವರ್ಷ ಬಾಯಲ್ಲೇ ಇತ್ತು. ಅವಳು ಏನನ್ನೂ ನೋಡಿಲ್ಲ ಎಂದುಕೊಂಡು ಕಟ್ಟಿಟ್ಟ ಮಾತು ಅದು. ಈಗ ಅದು ಸಾಲದಾಯಿತು.

ಕರೆಂಟು ಬಂತು. ದಾರ ಕಡಿದಿತ್ತು. ಅತ್ತೆ ಹೊಸ ದಾರದ ತುದಿಯನ್ನು ನನ್ನತ್ತ ಚಾಚಿ, "ಸೂಜಿಗೆ ಪೋಣಿಸಿಕೊಡು" ಎಂದಳು. ಯಂತ್ರದ ಮೇಲೆ ಬಗ್ಗಿದೆ. ಸೂಜಿಯ ಕಣ್ಣು ಕಾಣುತ್ತಿತ್ತು, ದಾರ ಮಾತ್ರ ಅದರ ಪಕ್ಕಕ್ಕೇ ಹೋಗುತ್ತಿತ್ತು.

"ನೆಟ್ಟಗಿರೋ ಕೈಗೂ ಆಗವಲ್ದೇನು? ತಾ ಇಲ್ಲೆ" ಎಂದು ಅವಳೇ ತೆಗೆದುಕೊಂಡಳು. ಮಡಿಚಿದ ಬೆರಳುಗಳ ಸಂದಿಯಲ್ಲಿ ದಾರ ಸಿಕ್ಕಿಸಿಕೊಂಡು, ಮೂರು ಸಲ ತಪ್ಪಿ, ನಾಲ್ಕನೇ ಸಲ ಪೋಣಿಸಿದಳು. ನಾನು ದೀಪಕ್ಕೆ ಅಡ್ಡ ಬಾರದ ಹಾಗೆ ಪಕ್ಕಕ್ಕೆ ಸರಿದು ನಿಂತಿದ್ದೆ.