ಲಸಿಕೆಯ ಪಕ್ಕದಲ್ಲಿದ್ದ ಮಜ್ಜಿಗೆ

ಹೈದರಾಬಾದ್ ಆಂಧ್ರಪ್ರದೇಶದ ರಾಜಧಾನಿಯಾಗಿದ್ದ ಕಾಲ. ಮಣಿಕೊಂಡದ ಆಚೆ, ಆಗಿನ್ನೂ ಬರೀ ಬಂಡೆ, ಬಯಲು ಇದ್ದ ಕಡೆ, ಹೊಸದಾಗಿ ತೆರೆದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ನಾನೇ ಮೊದಲ ವೈದ್ಯ. ನಾರಾಯಣಗೂಡದಲ್ಲಿ ಕ್ಲಿನಿಕ್ ಇಟ್ಟಿದ್ದ ಗೆಳೆಯ, "ಹಳ್ಳ್ಯಾಗ ನೊಣ ಹೊಡಕೋತ ಕೂಡ್ತಿ ನೋಡು" ಎಂದು ಕಾಲೆಳೆದಿದ್ದ. ಮೊದಮೊದಲು ಅದು ಸುಳ್ಳೇನೂ ಆಗಲಿಲ್ಲ.

ಜನರನ್ನು ಕೇಂದ್ರದ ಮೆಟ್ಟಿಲು ಹತ್ತಿಸಿದವಳು ಆಯಾ ಮಲ್ಲಮ್ಮ, ರಾಯಚೂರು ಕಡೆಯವಳು. ಸರ್ಕಾರದ ಸೂಜಿಗೆ ಹೆದರಿ ತಾಯಂದಿರು ಬಾಗಿಲು ಹಾಕಿಕೊಳ್ಳುತ್ತಿದ್ದಾಗ, ಆಕೆ ತನ್ನ ಮೊಮ್ಮಗಳು ರೇಣುಕಾಗೆ ಎಲ್ಲರೆದುರು ಮೊದಲು ಹಾಕಿಸಿದಳು. ಆಮೇಲೆ ಓಣಿಗೆ ಓಣಿಯೇ ಬಂತು.

ನನ್ನ ಮೇಲೆ ಆಕೆಗೆ ಮಗನ ಮೇಲಿನಷ್ಟು ಅಕ್ಕರೆ. ದಿನವೂ ಮನೆಯಿಂದ ಮಜ್ಜಿಗೆ ತಂದು, ಇದ್ದ ಒಂದೇ ಫ್ರಿಜ್ಜಿನಲ್ಲಿ, ಲಸಿಕೆಯ ಪಕ್ಕದಲ್ಲಿ ಇಡುತ್ತಿದ್ದಳು. ಬೇಗ ತಂಪಾಗಲೆಂದು ಫ್ರಿಜ್ಜಿನ ಗುಂಡಿಯನ್ನು ಪೂರ್ತಿ ತಿರುಗಿಸುತ್ತಿದ್ದಳು; ಅದು ನನಗೆ ತಿಳಿದದ್ದು ಆಮೇಲೆ. ಲಸಿಕೆ ಬಿಟ್ಟು ಬೇರೇನೂ ಅಲ್ಲಿ ಇರಬಾರದೆಂದು ನನಗೆ ಗೊತ್ತಿತ್ತು. ಆದರೂ ಕುಡಿದೆ. ಹಲ್ಲು ಜುಮ್ಮೆನ್ನುವಷ್ಟು ತಣ್ಣಗೆ ಹೇಗಿದೆ ಎಂದು ಒಮ್ಮೆಯೂ ಕೇಳಲಿಲ್ಲ.

ಮರುವರ್ಷ ರೇಣುಕಾಗೆ ಗಂಟಲು ಕಟ್ಟಿತು. ಬಾಯಿ ತೆರೆಸಿ ನೋಡಿದರೆ ಬೂದು ಬಣ್ಣದ ಪೊರೆ. ಡಿಫ್ತೀರಿಯಾ. ಜೀಪಿನಲ್ಲಿ ನಗರದ ದೊಡ್ಡಾಸ್ಪತ್ರೆಗೆ ಒಯ್ದೆವು. ಮೂರನೆಯ ದಿನ ತೀರಿಕೊಂಡಳು.

"ಸಾಹೇಬ್ರ, ಮೂರೂ ಸೂಜಿ ಹಾಕ್ಸಿದ್ವಲ್ರೀ?" ಎಂದಳು ಮಲ್ಲಮ್ಮ.

ನನಗೆ ಅಳು ಬರಲಿಲ್ಲ. ಏನೂ ಬರಲಿಲ್ಲ. ಕೇಂದ್ರಕ್ಕೆ ಬಂದು ಫ್ರಿಜ್ ತೆರೆದೆ. ಗುಂಡಿ ಕೊನೆಯ ಗುರುತಿನಲ್ಲಿತ್ತು, ಲಸಿಕೆ ಸೀಸೆಯೊಳಗೇ ಗಡ್ಡೆಕಟ್ಟಿತ್ತು. ಡಿಫ್ತೀರಿಯಾ ತಡೆಯುವ ಡಿಪಿಟಿ ಲಸಿಕೆ ತಂಪಾಗಿರಬೇಕು, ಆದರೆ ಗಡ್ಡೆಕಟ್ಟಬಾರದು. ಕಟ್ಟಿ ಕರಗಿದರೆ ಅದರ ಶಕ್ತಿ ಹೋಯಿತು. ಆ ಓಣಿಯ ಮಕ್ಕಳಿಗೆಲ್ಲ ನಾನು ಹಾಗೆ ಕಟ್ಟಿ ಕರಗಿದ್ದನ್ನೇ ಚುಚ್ಚಿದ್ದೆ.

ತಪ್ಪು ನನ್ನದೆಂದು ಮೇಲಧಿಕಾರಿಗೆ ಬರೆದೆ. ಊರವರಿಗೂ ಅದನ್ನೇ ಹೇಳಿ, ಮಕ್ಕಳಿಗೆ ಮತ್ತೆ ಹಾಕಿಸಿ ಎಂದೆ. ಗುಂಡಿ ತಿರುಗಿಸಿದವರು ಯಾರೆಂದು ಎಲ್ಲೂ ಹೇಳಲಿಲ್ಲ. ಹೊಸ ಲಸಿಕೆ ಬಂತು, ಮಕ್ಕಳು ಬರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಮಲ್ಲಮ್ಮ ಬಂದಳು. ಲಸಿಕೆಯ ಡಬ್ಬಿ ಎತ್ತಿಕೊಂಡು ಮುಂದೆ ನಡೆದಳು. ಪ್ರತಿ ಬಾಗಿಲಲ್ಲೂ ತೆಲುಗಿನಲ್ಲಿ ಒಂದೇ ಮಾತು: ನನ್ನ ಕೂಸು ಹೋಯಿತು, ನಿಮ್ಮದು ಉಳಿಯಲಿ. ಬಾಗಿಲುಗಳು ತೆರೆದವು.

ಮಧ್ಯಾಹ್ನ ಆಕೆ ಮಜ್ಜಿಗೆಯ ಲೋಟವನ್ನು ನೇರ ನನ್ನ ಮೇಜಿನ ಮೇಲೆ ಇಟ್ಟಳು.

"ತಂಪಿಲ್ರೀ. ಹಂಗ ಕುಡೀರಿ."

ಆಕೆಗೆ ಎಲ್ಲವೂ ತಿಳಿದಿತ್ತು. ಕುಡಿದೆ.

ಆರೋಗ್ಯ ಸೇವೆ ಸರ್ಕಾರದ ಕೈಯಲ್ಲೇ ಇರಬೇಕೆಂದು ಆಮೇಲೆ ಎಷ್ಟೋ ಸಭೆಗಳಲ್ಲಿ ವಾದಿಸಿದ್ದೇನೆ, ಇಂದಿಗೂ ವಾದಿಸುತ್ತೇನೆ. ಆದರೆ ಹಾಗೆ ವಾದಿಸುವವನು ದಿನ ಬೆಳಗಾದರೆ ಮೊದಲು ಹೋಗಿ ಆ ಫ್ರಿಜ್ ತೆರೆದು ನೋಡಬೇಕು.