ಪಾಸಾಗಬಾರದಿದ್ದ ಪರೀಕ್ಷೆ

ಮೊನ್ನೆ ಟ್ರಂಕು ಖಾಲಿ ಮಾಡುವಾಗ ಒಂದು ಹಳೆಯ ಲಗ್ನಪತ್ರಿಕೆ ಕೈಗೆ ಬಂತು. ಮೂಲೆಗೆ ಹಚ್ಚಿದ ಅರಿಷಿಣ ಇನ್ನೂ ಹೋಗಿರಲಿಲ್ಲ. ನಟ್ಟನಡುವೆ ಒಂದು ಕಿಂಡಿ, ಪುಸ್ತಕದ ಒಂದು ಸಾಲು ಕಾಣುವಷ್ಟು ಅಗಲ. ಇಲಿ ಕಡಿದಿರಬೇಕು ಎಂದ ಮಗ. ಇಲಿ ಇಷ್ಟು ನೆಟ್ಟಗೆ ಕಡಿಯುವುದಿಲ್ಲ. ಅದು ಅಕ್ಕೋರು ಮಾಡಿದ ಕೆಲಸ.

ನಮ್ಮ ಊರು ಕೊಣ್ಣೂರಿನಿಂದ ಸ್ವಲ್ಪ ಆಚೆ. ಅಲ್ಲಿಯ ಶಾಲೆಯಲ್ಲಿ ನನ್ನ ಮೊಮ್ಮಗಳು ಭಾಗ್ಯಾಳಿಗೆ ನಾಲ್ಕನೆಯ ಇಯತ್ತೆ ಕಲಿಸಿದವರು ಈ ಅಕ್ಕೋರು. ದಪ್ಪ ಹೆಂಗಸು, ಧ್ವನಿ ಇನ್ನೂ ದಪ್ಪ. ಬ್ಯಾಗಿನಲ್ಲಿ ಯಾವಾಗಲೂ ಶೇಂಗಾ ಇರುತ್ತಿತ್ತು, ಮಾತಾಡುತ್ತಲೇ ಸುಲಿದು ತಿನ್ನುತ್ತಿದ್ದರು. ಒಂದು ದಿನ ಮನೆಗೆ ಬಂದು ಭಾಗ್ಯಾಗೆ ಓದಲು ಬರುವುದಿಲ್ಲ ಎಂದರು. ನನಗೆ ನಗು ಬಂತು. ಮಠದಲ್ಲಿ ಒಂದು ಸಲ ಕೇಳಿದ ವಚನವನ್ನು ಮನೆಗೆ ಬಂದು ತಪ್ಪಿಲ್ಲದೆ ಹೇಳುವ ಹುಡುಗಿ. ಅಂಗಡಿಯ ಲೆಕ್ಕವನ್ನು ಬೆರಳು ಮಡಚದೆ ಮಾಡುವವಳು. ಅವಳಿಗೆ ಓದಲು ಬರುವುದಿಲ್ಲವೇ?

ಅಕ್ಕೋರು ಒಂದು ಇಂಗ್ಲಿಷ್ ಹೆಸರು ಹೇಳಿದರು, ಡಿಸ್ಲೆಕ್ಸಿಯಾ ಎಂದು. ಅದು ನನ್ನ ನಾಲಿಗೆಗೆ ಇವತ್ತಿಗೂ ಹತ್ತುವುದಿಲ್ಲ. ಬ್ಯಾನಿ ಏನ್ರಿ ಎಂದು ಕೇಳಿದೆ. ಅಲ್ಲ ಎಂದರು. ದಡ್ಡಿಯೇ? ಅಲ್ಲ. ಔಷಧ ಐತೇನು? ಇಲ್ಲ.

“ಮತ್ತ ಅದು ಏನ್ರಿ ಅಕ್ಕೋರ?”

“ಆಕಿ ಕಿವಿಲೆ ಕಲೀತಾಳ್ರಿ ಆಯಿ. ಕಣ್ಣಿಲೆ ಕಲಿಯೂದು ತಡಾ ಆಗ್ತೈತಿ. ಸಾಲ್ಯಾಗ ನಾವು ಬರೇ ಕಣ್ಣಿಲೆ ಕಲಸ್ತೀವಿ.”

ನನಗೆ ತಿಳಿಯಲಿಲ್ಲ. ಕಣ್ಣಿನ ದೋಷ ಎಂದುಕೊಂಡು ಘಟಪ್ರಭಾಕ್ಕೆ ಹೋಗಿ ಚಷ್ಮಾ ಕೇಳಿ ಬಂದೆ. ಕಣ್ಣು ಚೆನ್ನಾಗಿದೆ ಎಂದು ಕಳಿಸಿದರು.

ಆ ವಾರವೇ ಅಕ್ಕೋರು ನಮ್ಮ ಗೂಡಿನಲ್ಲಿದ್ದ ಲಗ್ನಪತ್ರಿಕೆ ತೆಗೆದು ಕಿಂಡಿ ಕೊರೆದರು. ಪುಸ್ತಕದ ಮೇಲೆ ಇಟ್ಟರೆ ಒಂದೇ ಸಾಲು ಕಾಣಬೇಕು, ಉಳಿದದ್ದು ಮುಚ್ಚಬೇಕು, ಹಾಗೆ. ದೇವರ ಚಿತ್ರ ಇರುವ ಪತ್ರಿಕೆಗೆ ಯಾರಾದರೂ ಕತ್ತರಿ ಹಾಕುತ್ತಾರೆಯೇ? ನಾನು ಬಾಯಿ ಮಾಡಿದೆ. ಅವರು ಕತ್ತರಿ ಕೆಳಗೆ ಇಡಲಿಲ್ಲ. ದೇವರನ್ನ ಬಿಟ್ಟ ಕೊರದೀನ್ರಿ ಎಂದರು. ನೋಡಿದರೆ ಹೌದು, ದೇವರಿಗೆ ಏನೂ ಆಗಿರಲಿಲ್ಲ. ಬೀಗರ ಹೆಸರು ಹೋಗಿತ್ತು.

ಪರೀಕ್ಷೆಯಲ್ಲಿ ಹೆಚ್ಚು ಹೊತ್ತು ಕೊಡಬೇಕಾದರೆ, ಮುಂದೆ ಹತ್ತನೆಯ ಇಯತ್ತೆಯಲ್ಲಿ ಇವಳು ಹೇಳಿ ಬೇರೆಯವರು ಬರೆಯಬೇಕಾದರೆ, ಡಾಕ್ಟರರ ಕಾಗದ ಬೇಕು. ಕಾಗದ ಇಲ್ಲದಿದ್ದರೆ ಹುಡುಗಿ ಫೇಲಾಗಿ ಮನೆಯಲ್ಲಿ ಕೂರುತ್ತಾಳೆ. ಇಷ್ಟು ಮಾತ್ರ ನನಗೆ ಸರಿಯಾಗಿ ತಿಳಿಯಿತು. ಇಂಥ ಮಕ್ಕಳನ್ನು ಡಾಕ್ಟರರು ಬಂದು ನೋಡುವ ಗೋಕಾಕದ ಶಿಬಿರ ಮುಗಿದುಹೋಗಿತ್ತು. ಅಕ್ಕೋರು ಯಾರ್ಯಾರನ್ನೋ ಕೇಳಿ ಹುಕ್ಕೇರಿಯ ಶಿಬಿರದಲ್ಲಿ ಹೆಸರು ಹಚ್ಚಿಸಿದರು. ಮುಂದಿನ ವಾರ ಡಾಕ್ಟರರು ಪರೀಕ್ಷೆ ಮಾಡುತ್ತಾರೆ, ಭಾಗ್ಯಾಳ ಪುಸ್ತಕ ತರಬೇಕು ಎಂದು ಹೇಳಿ ಹೋದರು.

ನಾನು ಮಾಡಿದ್ದನ್ನು ಮುಚ್ಚುವುದಿಲ್ಲ. ಕನ್ಯೆ ನೋಡಲು ಬರುತ್ತಾರೆಂದರೆ ನಮ್ಮಲ್ಲಿ ಕುಂಟುವ ಹುಡುಗಿಯನ್ನು ಬೀಗರು ಬರುವ ಮೊದಲೇ ಚಾಪೆಯ ಮೇಲೆ ಕೂರಿಸಿಬಿಡುತ್ತಾರೆ. ನಾನೇ ಇಬ್ಬರನ್ನು ಹಾಗೆ ಕೂರಿಸಿದವಳು. ಅದೇ ಬುದ್ಧಿ ಇಲ್ಲಿಯೂ ಓಡಿತು. ಪರೀಕ್ಷೆ ಪಾಸಾದರೆ ತಾನೇ ಕಾಗದ ಕೊಡುತ್ತಾರೆ ಎಂದುಕೊಂಡೆ. ವಾರವಿಡೀ ಸೊಸೆ ಪಾಠಗಳನ್ನು ಗಟ್ಟಿಯಾಗಿ ಓದಿದಳು, ಭಾಗ್ಯಾ ಕೇಳಿದಳು. ಯಾವ ಪುಟದಲ್ಲಿ ಯಾವ ಚಿತ್ರ, ಎಲ್ಲಿ ಪುಟ ತಿರುವಬೇಕು, ಬೆರಳು ಎಷ್ಟು ನಿಧಾನ ಸರಿಯಬೇಕು… ಎಲ್ಲ ಹೇಳಿಕೊಟ್ಟೆ. ನಾನು ಹೇಳುವುದನ್ನು ಬರೆದುಕೊಳ್ಳುತ್ತಿರುವ ಸೊಸೆ ಈಗ ತಲೆ ಎತ್ತಿ ನನ್ನನ್ನು ನೋಡುತ್ತಿದ್ದಾಳೆ. ಬರಿ, ಎಂದೆ.

ಹುಕ್ಕೇರಿಯಲ್ಲಿ ಸಾಲು ಉದ್ದವಿತ್ತು. ಡಾಕ್ಟರರಿಗೆ ಪುರುಸೊತ್ತು ಇರಲಿಲ್ಲ. ಪುಸ್ತಕ ತೆಗೆದು ಯಾವುದಾದರೂ ಪಾಠ ಓದು ಎಂದರು. ಭಾಗ್ಯಾ ಎರಡು ಪುಟ ಓದಿದಳು, ನೀರು ಹರಿದ ಹಾಗೆ. ಅವರು ನಕ್ಕು ಮನೆಯಲ್ಲೂ ಹೀಗೇ ಓದುತ್ತಾಳೆಯೇ ಎಂದು ನನ್ನನ್ನು ಕೇಳಿದರು.

“ಮನ್ಯಾಗ ಇದಕ್ಕಿಂತ ಚಲೋ ಓದ್ತಾಳ್ರಿ ಸಾಹೇಬ್ರ” ಎಂದೆ.

ಜೊತೆಗೆ ಬಂದಿದ್ದ ಅಕ್ಕೋರು ಬೇರೆ ಪುಸ್ತಕ ಕೊಟ್ಟು ನೋಡಿರಿ ಎಂದರು. ಅಷ್ಟರಲ್ಲಿ ಹುಡುಗಿಗೆ ಏನೂ ತೊಂದರೆ ಇಲ್ಲ ಎಂದು ಬರೆದಾಗಿತ್ತು, ಹಿಂದಿನವರು ಮುಂದೆ ಬಂದಿದ್ದರು.

ನಾನು ಎದೆ ಸೆಟೆಸಿಕೊಂಡು ಹೊರಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಅಕ್ಕೋರು ಶೇಂಗಾ ಕಟ್ಟಿದ್ದ ಪೇಪರು ಬಿಡಿಸಿ ಭಾಗ್ಯಾಳ ಕೈಗೆ ಕೊಟ್ಟು ಓದು ಎಂದರು. ಅವಳು ಪೇಪರು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಒಂದು ಅಕ್ಷರವೂ ಹೊರಡಲಿಲ್ಲ.

“ಆಯಿ, ಇವತ್ತ ಆಕಿ ಪಾಸಾಗಬಾರದಿತ್ತರಿ.”

“ಪರೀಕ್ಷಾ ಅಂದಿರಲ್ರಿ. ಫೇಲಾಗಾಕ ಯಾರರೆ ಬಸ್ ಚಾರ್ಜ್ ಕೊಟ್ಟ ಬರ್ತಾರೇನ್ರಿ?”

ಅಕ್ಕೋರು ಕಟ್ಟೆಯ ಮೇಲೆ ಕುಳಿತುಬಿಟ್ಟರು. ಭುಜ ಅಲುಗುತ್ತಿತ್ತು, ಕಣ್ಣಿಗೆ ಸೆರಗು ಹಿಡಿದಿದ್ದರು. ನಕ್ಕರೋ ಅತ್ತರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ವರ್ಷ ಅವರಿಗೆ ಮೂಡಲಗಿಯ ಕಡೆಗೆ ವರ್ಗವಾಯಿತು. ನಂತರ ಬಂದವರ ಕಣ್ಣಿಗೆ ಭಾಗ್ಯಾ ಸೋಮಾರಿ. ಅವಳನ್ನು ಹಿಂದಿನ ಸಾಲಿನಲ್ಲಿ ಕೂರಿಸಿದರು. ಡಾಕ್ಟರರೇ ಸರಿ ಇದ್ದಾಳೆ ಎಂದು ಬರೆದ ಮೇಲೆ ಅವರನ್ನು ಏನೆಂದು ಬೈಯಲಿ? ಎರಡು ವರ್ಷ ಹಾಗೆ ಹೋಯಿತು. ಹುಡುಗಿ ಬೆಳಿಗ್ಗೆ ಎದ್ದರೆ ಹೊಟ್ಟೆನೋವು ಎನ್ನುತ್ತಿದ್ದಳು. ಭಾನುವಾರ ಮಾತ್ರ ನೋವು ಇರುತ್ತಿರಲಿಲ್ಲ.

ಏಳನೆಯ ಇಯತ್ತೆಯಲ್ಲಿದ್ದಾಗ ಅಕ್ಕೋರ ಫೋನು ಬಂತು. ಗೋಕಾಕದಲ್ಲಿ ಶಿಬಿರ ಇದೆ, ತಾವೂ ರಜೆ ಹಾಕಿ ಬರುವುದಾಗಿ ಹೇಳಿದರು. ಈಗ ಭಾಗ್ಯಾ ಅವರ ಶಾಲೆಯವಳೂ ಅಲ್ಲ. ಇವರಿಗೆ ಯಾಕೆ ಇಷ್ಟು ಉಸಾಬರಿ ಎಂದು ನನಗೆ ಅನಿಸಿದ್ದು ನಿಜ. ಬಂದರು, ಕಾಲು ಬಾತಿತ್ತು, ಇನ್ನಷ್ಟು ದಪ್ಪಗಾಗಿದ್ದರು. ಸಾಲಿನಲ್ಲಿ ನನ್ನ ಪಕ್ಕ ನಿಂತು, ಈ ಸಲ ಏನ ಹೇಳ್ತೀರಿ ಆಯಿ ಎಂದು ಕೇಳಿದರು.

ನಮ್ಮ ಓಣಿಯ ನಾಲ್ಕು ಮಂದಿ ಅಲ್ಲೇ ನಿಂತಿದ್ದರು. ಅವರಲ್ಲಿ ಒಬ್ಬಳು ತನ್ನ ಮಗನಿಗೆ ಭಾಗ್ಯಾಳನ್ನು ತಂದುಕೊಳ್ಳುತ್ತೇನೆ ಎಂದು ಆಗಲೇ ಬಾಯಿ ಬಿಟ್ಟಿದ್ದವಳು. ಡಾಕ್ಟರರು ಕೇಳುವ ಮೊದಲೇ ನಾನು ಹೇಳಿದೆ.

“ಈಕಿಗಿ ಓದಾಕ ಬರೂದಿಲ್ರಿ. ಹಿಂದ ಒಮ್ಮಿ ಡಾಕ್ಟರ ಮುಂದ ಬಾಯಿಪಾಠ ಮಾಡಿಸಿ ಸುಳ್ಳ ಹೇಳಿಸೀನಿ. ಪುಸ್ತಕ ನೀವ ಕೊಡ್ರಿ.”

ಅವತ್ತು ಮಧ್ಯಾಹ್ನದವರೆಗೂ ನೋಡಿದರು. ಕಾಗದ ಬರಲು ಮತ್ತೆ ಬಹಳ ತಿಂಗಳು ಹಿಡಿಯಿತು, ಬೆಳಗಾವಿಗೆ ಎರಡು ಸಲ ಓಡಾಡಿದೆವು, ಅದು ಬೇರೆ ಕಥೆ. ಬಂದ ದಿನ ಅಕ್ಕೋರಿಗೆ ಫೋನು ಹಚ್ಚಿದೆ. ಹತ್ತಲಿಲ್ಲ. ನಾಳೆ ಹಚ್ಚಿದರಾಯಿತು ಎಂದುಕೊಂಡೆ. ಕಬ್ಬು ಕಡಿಯುವ ಸಮಯ, ನಾಳೆ ಎಂಬುದು ಹಾಗೇ ಉಳಿಯಿತು. ಅವರು ತೀರಿಕೊಂಡು ಎರಡು ತಿಂಗಳಾದ ಮೇಲೆ ಧುಪದಾಳದ ಒಬ್ಬ ಮಾಸ್ತರರಿಂದ ನಮಗೆ ಸುದ್ದಿ ತಿಳಿಯಿತು. ಕಾಗದ ಬಂದದ್ದು ಅವರಿಗೆ ಗೊತ್ತಾಯಿತೋ ಇಲ್ಲವೋ… ಆ ಮಾಸ್ತರರಿಗೂ ಗೊತ್ತಿರಲಿಲ್ಲ.

ಭಾಗ್ಯಾ ಈಗ ಹತ್ತನೆಯ ಇಯತ್ತೆ. ಅವಳಿಗಾಗಿ ಬರೆಯಲು ಒಂಬತ್ತನೆಯ ಇಯತ್ತೆಯ ಒಬ್ಬ ಹುಡುಗಿಯನ್ನು ಶಾಲೆಯವರು ಕೊಟ್ಟಿದ್ದಾರೆ. ಇಬ್ಬರೂ ನಮ್ಮ ಪಡಸಾಲೆಯಲ್ಲಿ ಕುಳಿತು ರೂಢಿ ಮಾಡುತ್ತಾರೆ. ಇವಳು ಹೇಳುತ್ತಾಳೆ, ಅವಳು ಬರೆಯುತ್ತಾಳೆ. ಆ ಅಂಕ ಯಾರಿಗೆ ಸೇರಬೇಕು ಎಂಬುದು ನನಗೆ ಇನ್ನೂ ಪೂರ್ತಿ ಬಗೆಹರಿದಿಲ್ಲ.

ನಿನ್ನೆ ಆ ಹುಡುಗಿ ಹೋದ ಮೇಲೆ ಭಾಗ್ಯಾ ಕೇಳಿದಳು.

“ಆಯಿ, ನೀ ಎರಡನೇತ್ತಿಗೇ ಸಾಲಿ ಯಾಕ ಬಿಟ್ಟಿ?”

ಎಮ್ಮೆ ಕಾಯುವವರು ಇರಲಿಲ್ಲ ಎಂದೆ. ಎಲ್ಲರಿಗೂ ಅದನ್ನೇ ಹೇಳುತ್ತ ಬಂದಿದ್ದೇನೆ. ಆದರೆ ಆಗ ನಮ್ಮ ಮನೆಯಲ್ಲಿ ಎಮ್ಮೆ ಇತ್ತೇ… ಎಷ್ಟು ನೆನೆದರೂ ಎಮ್ಮೆ ಕಣ್ಣ ಮುಂದೆ ಬರುವುದಿಲ್ಲ. ಬಳಪದ ಪಾಟಿ ಬರುತ್ತದೆ. ನಿನ್ನೆ ಗುರುತಿದ್ದ ಅಕ್ಷರ ಇವತ್ತು ಹೊಸಬರ ಹಾಗೆ ನಿಂತಿರುತ್ತಿತ್ತು. ಎಲ್ಲರಿಗೂ ಹಾಗೇ ಎಂದುಕೊಂಡಿದ್ದೆ.

“ನಿನಗೂ ನನ್ನಂಗ ಇತ್ತೇನ?” ಎಂದಳು.

ಇದನ್ನು ಬಲ್ಲವರು ಒಬ್ಬರೇ ಇದ್ದರು. ಕೇಳಿದ್ದರೆ ಒಂದು ಮುಷ್ಟಿ ಶೇಂಗಾ ಮುಗಿಯುವುದರೊಳಗೆ ಹೇಳಿಬಿಡುತ್ತಿದ್ದರು. ಅವರು ಇದ್ದಷ್ಟು ದಿನ ನನಗೆ ಕೇಳಲು ಹೊಳೆಯಲಿಲ್ಲ. ಭಾಗ್ಯಾ ನನ್ನ ಮುಖವನ್ನೇ ನೋಡುತ್ತಿದ್ದಳು. ಗೊತ್ತಿಲ್ಲವ್ವಾ ಎಂದೆ. ಹಾಗೆ ಅಂದದ್ದು ಅವಳು ನನ್ನ ಬಾಯಿಂದ ಹಿಂದೆ ಎಂದೂ ಕೇಳಿರಲಿಲ್ಲ.