ಹಿಮದ ಮೇಲೆ ಹರಿವಾಣ

ನನ್ನ ಸೋದರತ್ತೆ ಜರ್ಸಿ ಸಿಟಿಯ ಆಸ್ಪತ್ರೆಯೊಂದರಲ್ಲಿ ಡಾಕ್ಟರಾಗಿದ್ದಳು. ಅರವತ್ತರ ದಶಕದ ಕೊನೆಯ ಮಾತು; ನಾನಿನ್ನೂ ಚಿಕ್ಕ ಮಗು, ಅವಳ ಮನೆಯಲ್ಲೇ ಇದ್ದೆ. ಸೀರೆಯ ಮೇಲೊಂದು ಗಂಡಸರ ಓವರ್‌ಕೋಟು, ಕಾಲಿಗೆ ರಬ್ಬರ್ ಬೂಟು, ಏನೇ ಎಡವಟ್ಟಾದರೂ ಬಾಯಲ್ಲಿ ಒಂದೇ ಮಾತು: "ಏನ್ ಮಹಾ ಆಗತ್ತೆ?" ಹಾಲು ಉಕ್ಕಿದರೂ ಅದೇ, ಕಾರು ಸ್ಟಾರ್ಟ್ ಆಗದಿದ್ದರೂ ಅದೇ.

ರಜೆ ಸಿಕ್ಕ ಒಂದು ಭಾನುವಾರ ನನ್ನನ್ನು ಪಾರ್ಕಿಗೆ ಕರೆದುಕೊಂಡು ಹೋದಳು. ಹಿಮ ಬಿದ್ದ ಇಳಿಜಾರಿನಲ್ಲಿ ಮಕ್ಕಳು ಮರದ ಸ್ಲೆಡ್ ಮೇಲೆ ಕೂತು ಜಾರುತ್ತಿದ್ದರು.

"ವಿ ಡೋಂಟ್ ಹ್ಯಾವ್ ಒನ್," ಎಂದು ನಾನು ಎಂದಿನಂತೆ ಇಂಗ್ಲಿಷಿನಲ್ಲೇ ಹೇಳಿ ಮುಖ ಸಣ್ಣಗೆ ಮಾಡಿಕೊಂಡೆ.

ಅತ್ತೆ ನನ್ನ ಕೈ ಹಿಡಿದು ಮನೆಗೆ ವಾಪಸ್ ನಡೆದಳು. ದೇವರ ಮುಂದಿದ್ದ ದೊಡ್ಡ ಹಿತ್ತಾಳೆ ಹರಿವಾಣ ಎತ್ತಿಕೊಂಡಳು. ಅಮೆರಿಕಕ್ಕೆ ಹೊರಟಾಗ ಅವಳ ತಾಯಿ ಆರತಿಗೆಂದು ಕೊಟ್ಟದ್ದು. "ಏನ್ ಮಹಾ ಆಗತ್ತೆ?" ಅಂದಳು.

ಪಾರ್ಕಿನ ಇಳಿಜಾರಿನ ತುದಿಯಲ್ಲಿ ಸೆರಗು ಸೊಂಟಕ್ಕೆ ಬಿಗಿದು ಹರಿವಾಣದಲ್ಲಿ ಕೂತಳು, ನನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡಳು. ಗಿರಗಿರ ಸುತ್ತುತ್ತಾ ಇಳಿದೆವು. ಅವಳು ಕಿರುಚಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಕೆಳಗೆ ಕಲ್ಲೊಂದಕ್ಕೆ ಬಡಿದು ಇಬ್ಬರೂ ಉರುಳಿಬಿದ್ದೆವು. ಅವಳ ಮುಡಿ ಬಿಚ್ಚಿಹೋಗಿತ್ತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಆಮೇಲೆ ಹರಿವಾಣ ಎತ್ತಿ ನೋಡಿದಳು. ಅಂಚು ನೆಗ್ಗಿತ್ತು. ಕೈಗವಸು ತೆಗೆದು ಆ ನೆಗ್ಗಿನ ಮೇಲೆ ಬೆರಳಾಡಿಸಿದಳು. ನಾನು ಕಾದೆ, ಆ ಮಾತು ಬರಲಿಲ್ಲ.

"ಏನ್ ಮಹಾ ಆಗತ್ತೆ, ಅತ್ತೆ?" ಅಂದೆ, ಕನ್ನಡದಲ್ಲೇ.

ಅವಳು ನನ್ನನ್ನೇ ನೋಡಿದಳು. ಮೂಗು ಒರೆಸಿಕೊಂಡು, ಹರಿವಾಣವನ್ನು ಕಂಕುಳಲ್ಲಿ ಇರುಕಿಕೊಂಡಳು.

"ನಡಿ ಮೇಲಕ್ಕೆ," ಅಂದಳು. "ಇನ್ನೊಂದ್ ಸಲ."